ತೋಟಾಗಳ ಏಳುಬೀಳು

ಬೇಟೆಯ ಕಥೆಗಳನ್ನು ಓದದ ವಿದ್ಯಾರ್ಥಿ ನಮ್ಮ ಶಾಲೆಗಳಲ್ಲಿ ಅಪರೂಪ. ಕೆನೆತ್ ಆಂಡರ್ಸನ್ನರ ಕಥನಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದ ಮೇಲಂತೂ ಹುಲಿ, ಚಿರತೆ, ಪುಂಡಾನೆಗಳು ನಮ್ಮ ಮಕ್ಕಳಿಗೆ ನೆರೆಹೊರೆಯವರಷ್ಟು ಪರಿಚಿತವಾಗಿವೆ. ಆದರೆ ಹುಲಿಯ ಮೇಲೆ ನೆಟ್ಟ ಓದುಗನ ಕಣ್ಣು ಕೋವಿಯ ಮೇಲೆ ಅಷ್ಟಾಗಿ ನಿಲ್ಲುವುದಿಲ್ಲ. ಕೋವಿಯ ಮೇಲೆ ನಿಂತರೂ ಅದರ ಒಡಲಿನೊಳಗಿನ ತೋಟಾದ ಮೇಲಂತೂ ನಿಲ್ಲುವುದೇ ಇಲ್ಲ. ಈ ಪುಟ್ಟ ಹಿತ್ತಾಳೆಯ ಕೊಳವೆಗೂ ಒಂದು ಚರಿತ್ರೆಯುಂಟು. ಒಂದು ಕಾಲದಲ್ಲಿ ಬೇಟೆಗಾರರೆಲ್ಲರೂ ಒಂದು ಬಗೆಯ ತೋಟಾವನ್ನು ಕೊಂಡಾಡುತ್ತಿದ್ದು, ಹತ್ತಿಪ್ಪತ್ತು ವರ್ಷ ಕಳೆಯುವುದರೊಳಗಾಗಿ ಅದನ್ನು ಮರೆತು ಇನ್ನೊಂದನ್ನು ಕೊಂಡಾಡತೊಡಗಿದುದು ಏಕೆ? ಹೊಸದು ಹಳೆಯದಕ್ಕಿಂತ ಚೆನ್ನಾಗಿ ಕೊಲ್ಲುತ್ತಿದ್ದುದರಿಂದ ಎಂದು ಬೇಟೆಗಾರರ ಉತ್ತರ. ನಮ್ಮ ದೇಶದ ಮಟ್ಟಿಗೆ ಆ ಉತ್ತರ ಅರ್ಧ ಮಾತ್ರ ನಿಜವೆಂದು ನಮಗೆ ತೋರುತ್ತದೆ. ಉಳಿದರ್ಧವನ್ನು ಸರಕಾರದ ಕಡತಗಳಲ್ಲಿ ಹುಡುಕಬೇಕು. ಅದೂ ಜನರಿಗೆ ಅಂಜಿ ಬರೆದ ಕಡತಗಳಲ್ಲಿ.

ಮೊದಲು ಹೆಸರಿನ ಮಾತು. ಮರಾಠಿಯ ನೆರೆಯಲ್ಲಿರುವ ಕನ್ನಡಿಗರು ಇದನ್ನು ಕಾಡತೂಸು ಎನ್ನುತ್ತಾರೆ. ತೆಲುಗು ತಮಿಳುಗಳ ನೆರೆಯವರಾದ ನಾವು ತೋಟಾ ಎನ್ನುತ್ತೇವೆ. ಎರಡಕ್ಕೂ ಅರ್ಥ ಒಂದೇ. ತೋಟಾಕ್ಕೆ ನಾಲ್ಕು ಅಂಗಗಳು: ಹಿತ್ತಾಳೆಯ ಕವಚ, ಅದರ ಬುಡದಲ್ಲಿ ಪೆಟ್ಟಿಗೆ ಕಿಡಿಕಾರುವ ಕೇಪು, ನಡುವೆ ಮದ್ದು, ತುದಿಯಲ್ಲಿ ಗುಂಡು. ಈ ನಾಲ್ಕೂ ಒಂದೇ ಮೈಯಾಗಿ ಕೂಡಿಕೊಂಡುದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೆ ಮೊದಲು ಮದ್ದು ಬೇರೆ, ಗುಂಡು ಬೇರೆ. ಅವೆರಡನ್ನು ಒಂದು ಕಾಗದದ ಸುರುಳಿಯಲ್ಲಿ ಸುತ್ತಿಟ್ಟುಕೊಂಡರೆ ಅದೇ ತೋಟಾ.

ಆ ಕಾಗದದ ಸುರುಳಿಯೇ ೧೮೫೭ರಲ್ಲಿ ಚರಿತ್ರೆಯ ಪುಟವನ್ನು ಹೊತ್ತಿಸಿತು. ೧೮೫೩ರ ಮಾದರಿಯ ಎನ್‌ಫೀಲ್ಡ್ ಕೋವಿಯ ನಳಿಗೆ .೫೭೭ ಅಂಗುಲದ್ದು. ಅದರ ತೋಟಾದ ಕಾಗದಕ್ಕೆ ಜಿಡ್ಡು ಸವರುತ್ತಿದ್ದರು. ಸಿಪಾಯಿ ಅದನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದನ್ನು ನಳಿಗೆಯ ಬಾಯಿಗೆ ಸುರಿಯಬೇಕಾಗಿತ್ತು. ಜಿಡ್ಡು ದನದ್ದೋ ಹಂದಿಯದೋ ಎಂಬ ಶಂಕೆ ದಂಡುಗಳಲ್ಲಿ ಹಬ್ಬಿತು. ಮಾರ್ಚಿ ೨೯ರಂದು ಬರಾಕ್‌ಪುರದಲ್ಲಿ ಮಂಗಲ ಪಾಂಡೆ ಕೋವಿಯೆತ್ತಿದುದೂ, ಮೇ ೧೦ರಂದು ಮೀರತ್ತಿನಲ್ಲಿ ದಂಗೆ ಸಿಡಿದುದೂ ವಿದ್ಯಾರ್ಥಿಗಳಿಗೆ ಪಾಠದಿಂದಲೇ ತಿಳಿದಿದೆ. ದಂಗೆಗೆ ಕಾರಣಗಳು ಹಲವಿದ್ದುವು, ತೋಟಾ ಒಂದೇ ಅಲ್ಲ. ಆದರೆ ಆ ವರ್ಷದಿಂದ ಮುಂದೆ ಭಾರತದಲ್ಲಿ ತೋಟಾ ಎಂಬುದು ಬರಿಯ ಸರಕಾಗಿ ಉಳಿಯಲಿಲ್ಲ. ಯಾರ ಕೈಯಲ್ಲಿ ಎಂಥ ತೋಟಾ ಇದೆ ಎಂಬುದು ಆಳುವವರ ನಿದ್ದೆಗೆಡಿಸುವ ಪ್ರಶ್ನೆಯಾಯಿತು. ಅದೇ ೧೮೫೭ರಲ್ಲಿ ಅಮೆರಿಕೆಯ ಸ್ಮಿತ್ ಅಂಡ್ ವೆಸ್ಸನ್ ಕಂಪೆನಿಯವರು .೨೨ ಅಂಗುಲದ ಒಂದು ಪುಟ್ಟ ಲೋಹದ ತೋಟಾವನ್ನು ಮಾರುಕಟ್ಟೆಗೆ ತಂದರು. ಮೀರತ್ತಿನಲ್ಲಿ ಕಾಗದದ ತೋಟಾದ ಯುಗ ಮುಗಿಯುತ್ತಿದ್ದಾಗ ಸಮುದ್ರದಾಚೆ ಲೋಹದ ತೋಟಾದ ಯುಗ ತೊಡಗುತ್ತಿದ್ದಿತು. ಈ ಪುಟ್ಟ ತೋಟಾದ ಮಾತನ್ನು ಮುಂದೆ ಎತ್ತಿಕೊಳ್ಳುವೆವು.

ಆ ಕಾಲದ ಆನೆ, ಕಾಟಿಗಳ ಬೇಟೆಗಾರರು ನಂಬಿದುದು ತೂಕವನ್ನು. ನಳಿಗೆಯ ಅಳತೆಯನ್ನು ಅವರು ಅಂಗುಲದಿಂದ ಹೇಳುತ್ತಿರಲಿಲ್ಲ. ಒಂದು ಪೌಂಡು ಸೀಸದಿಂದ ಆ ನಳಿಗೆಗೆ ಹೊಂದುವ ಎಷ್ಟು ಗುಂಡುಗಳನ್ನು ಎರಕ ಹೊಯ್ಯಬಹುದೋ ಅದೇ ಅದರ ಸಂಖ್ಯೆ. ಹನ್ನೆರಡಾದರೆ ಹನ್ನೆರಡನೆಯ ನಂಬರು, ಎಂಟಾದರೆ ಎಂಟನೆಯದು, ನಾಲ್ಕಾದರೆ ನಾಲ್ಕನೆಯದು. ಸಂಖ್ಯೆ ಇಳಿದಷ್ಟೂ ಗುಂಡು ದೊಡ್ಡದು. ನಾಲ್ಕನೆಯ ನಂಬರಿನ ಗುಂಡೆಂದರೆ ಕಾಲು ಪೌಂಡು, ನಮ್ಮ ಹಳೆಯ ಲೆಕ್ಕದಲ್ಲಿ ಹತ್ತಿರ ಹತ್ತಿರ ಹತ್ತು ತೊಲ! ಮೈಸೂರು ಸೀಮೆಯಲ್ಲಿ ಚಾಮರಾಜನಗರದ ಕಡೆ ಆನೆಗಳನ್ನು ಖೆಡ್ಡಾದಲ್ಲಿ ಹಿಡಿಸಿ ಹೆಸರಾದ ಜಿ. ಪಿ. ಸ್ಯಾಂಡರ್ಸನ್ ಇಂಥ ಭಾರಿ ಕೋವಿಗಳ ಪಕ್ಷಪಾತಿ. ೧೮೭೮ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅವನು ಕಾಡುಮೃಗಗಳಷ್ಟೇ ಆಸ್ಥೆಯಿಂದ ಕೋವಿಗಳನ್ನೂ ಚರ್ಚಿಸಿದ್ದಾನೆ. ಹತ್ತು ತೊಲದ ಗುಂಡನ್ನು ದೂಡುವ ಮದ್ದು ಹಾರಿಸಿದವನ ಭುಜವನ್ನೂ ಅಷ್ಟೇ ಬಲವಾಗಿ ದೂಡುತ್ತಿದ್ದಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಷ್ಟು ತೂಕ ಏಕೆ ಬೇಕಾಯಿತು? ಕರಿಮದ್ದಿನ ಶಕ್ತಿಗೆ ಮಿತಿಯಿದ್ದುದರಿಂದ. ಎಪ್ಪತ್ತೈದು ಪಾಲು ಪೆಟ್ಲುಪ್ಪು, ಹದಿನೈದು ಪಾಲು ಇದ್ದಿಲು, ಹತ್ತು ಪಾಲು ಗಂಧಕ, ಇದು ಕರಿಮದ್ದಿನ ಪಾಕ. ಅದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಮಸಿಯೂ ಹೊಗೆಯೂ ಆಗಿ ಉಳಿಯುತ್ತದೆ. ಗುಂಡಿನ ವೇಗವನ್ನು ಒಂದು ಮಿತಿಗಿಂತ ಹೆಚ್ಚಿಸಲಾಗದಿದ್ದಾಗ ಪೆಟ್ಟಿನ ಬಲವನ್ನು ಹೆಚ್ಚಿಸಲು ಉಳಿದ ದಾರಿ ತೂಕವೊಂದೇ. ಹೊಗೆಯ ಕಾಟವಂತೂ ಪ್ರಾಣಕ್ಕೇ ಎರವು. ಗಾಯಗೊಂಡ ಕಾಟಿ ಮುಂದೆ ನುಗ್ಗುತ್ತಿದೆಯೋ ಹಿಂದೆ ಸರಿಯಿತೋ ಎಂದು ತಿಳಿಯಲು ಬೇಟೆಗಾರನು ತನ್ನ ಹೊಗೆಯ ಕೆಳಗೆ ಬಗ್ಗಿ ನೋಡಬೇಕಾಗಿತ್ತು.

೧೮೬೬ರಲ್ಲಿ ಆಂಗ್ಲ ಸೈನ್ಯವು ಹಿಂಬದಿಯಿಂದ ತೋಟಾ ತುಂಬುವ ಸ್ನೈಡರ್ ಕೋವಿಯನ್ನು ಸ್ವೀಕರಿಸಿತು. ಅದಕ್ಕೆ ವುಲಿಚ್ಚಿನ ಕರ್ನಲ್ ಬಾಕ್ಸರ್ ರೂಪಿಸಿದ ಹಿತ್ತಾಳೆಯ ತೋಟಾ. ೧೮೭೧ರಲ್ಲಿ ಮಾರ್ಟಿನಿ-ಹೆನ್ರಿ ಬಂದಿತು. ಇದರ ತೋಟಾದ ಹೆಸರು .೫೭೭/೪೫೦: .೫೭೭ರ ಕವಚದ ಕತ್ತನ್ನು .೪೫೦ಕ್ಕೆ ಹಿಸುಕಿದ್ದು ಎಂದರ್ಥ. ಗುಂಡಿನ ತೂಕ ೪೮೦ ಗ್ರೇನು, ಮದ್ದು ೮೫ ಗ್ರೇನು. ಹಳೆಯ ರೂಪಾಯಿ ತೂಕದ ತೊಲ ೧೮೦ ಗ್ರೇನು. ಎಂದರೆ ಗುಂಡಿನ ತೂಕ ಎರಡೂಮುಕ್ಕಾಲು ತೊಲಕ್ಕೆ ತುಸು ಕಡಿಮೆ. ಈ ೪೫೦ ಎಂಬ ಅಂಕೆಯನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಕಥೆಯ ಗಂಟು ಅದರಲ್ಲಿಯೇ ಇದೆ.

೧೮೮೪ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆಯಿಲ್ಲದ ಮದ್ದನ್ನು ಸಾಧಿಸಿದನು. ಎರಡು ವರ್ಷಗಳ ತರುವಾಯ ಫ್ರೆಂಚ್ ಸೈನ್ಯದ ಎಂಟು ಮಿಲಿಮೀಟರಿನ ಲೆಬೆಲ್ ಕೋವಿ ಅದನ್ನು ಹೊತ್ತು ಬಂದಿತು. ೧೮೮೯ರಲ್ಲಿ ಇಂಗ್ಲೆಂಡಿನ ಏಬಲ್ ಮತ್ತು ಡ್ಯೂವರ್ ಎಂಬ ರಸಾಯನಶಾಸ್ತ್ರಜ್ಞರು ಕಾರ್ಡೈಟನ್ನು ಕಂಡುಹಿಡಿದರು. ಅದರ ಮೊದಲ ಪಾಕದಲ್ಲಿ ನೂರಕ್ಕೆ ೫೮ ಪಾಲು ನೈಟ್ರೋಗ್ಲಿಸರಿನ್, ೩೭ ಪಾಲು ಮದ್ದು-ಹತ್ತಿ, ೫ ಪಾಲು ವ್ಯಾಸಲೀನು. ಇವನ್ನು ಹಿಟ್ಟಿನಂತೆ ನಾದಿ, ತೂತಿನ ಅಚ್ಚಿನಲ್ಲಿ ಒತ್ತಿ ಎಳೆಯೆಳೆಯಾಗಿ ತೆಗೆಯುತ್ತಾರೆ. ನಮ್ಮ ಮನೆಗಳಲ್ಲಿ ಶ್ಯಾವಿಗೆ ಒತ್ತುವ ಕ್ರಮವೇ ಅದು. ಹುರಿಯ ಹೋಲಿಕೆಯಿಂದಲೇ ಕಾರ್ಡೈಟ್ ಎಂಬ ಹೆಸರೂ ಬಂದುದು. ತೋಟಾವನ್ನು ಬಿಚ್ಚಿ ನೋಡಿದರೆ ಒಳಗೆ ಕಂದು ಬಣ್ಣದ ಶ್ಯಾವಿಗೆಯ ಕಟ್ಟು.

ಈ ಶ್ಯಾವಿಗೆಯನ್ನು ಒತ್ತುವ ಕಾರ್ಖಾನೆ ನಮ್ಮ ನೀಲಗಿರಿಯಲ್ಲಿಯೇ ಉಂಟೆಂಬುದನ್ನು ಹೊರಗಿನವರು ಬಲ್ಲರೋ ಇಲ್ಲವೋ, ಇಲ್ಲಿನ ಮಕ್ಕಳಿಗೆ ಗೊತ್ತು. ಬೆಟ್ಟದ ರೈಲಿನಲ್ಲಿ ಕೂನೂರಿನಿಂದ ಉದಕಮಂಡಲಕ್ಕೆ ಹೋಗುವಾಗ ವೆಲಿಂಗ್ಟನ್ನಿನ ಮುಂದಿನ ನಿಲ್ದಾಣವೇ ಅರುವಂಕಾಡು. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ, ರೈಲು ಇನ್ನೂ ಕೂನೂರಿನಿಂದ ಮೇಲಕ್ಕೆ ಹತ್ತದಿದ್ದಾಗಲೇ, ಬಡಗರ ಹಟ್ಟಿಗಳ ನಡುವಣ ಆ ಕಣಿವೆಯಲ್ಲಿ ಸರಕಾರವು ಕಾರ್ಡೈಟ್ ಕಾರ್ಖಾನೆಯನ್ನು ಹೂಡಿತು. ಕೇಟರಿ ಜಲಪಾತದ ನೀರು ಅದಕ್ಕೆ ವಿದ್ಯುಚ್ಛಕ್ತಿಯನ್ನು ಒದಗಿಸಿತು. ನೈಟ್ರೋಗ್ಲಿಸರಿನ್ನಿನಂಥ ವಸ್ತುವಿಗೆ ತಂಪು ಹವೆ ಹಿತ. ಅದುವರೆಗೆ ಕಾರ್ಡೈಟು ಹಡಗಿನಲ್ಲಿ ಬರಬೇಕಾಗಿತ್ತು. ಮುಂದೆ ಬಯಲಿನ ಸೈನ್ಯಕ್ಕೆ ಬೇಕಾದ ಮದ್ದು ಬೆಟ್ಟದಿಂದ ಇಳಿಯತೊಡಗಿತು. ೨೦೨೧ರಲ್ಲಿ ಹಳೆಯ ಆರ್ಡ್‌ನೆನ್ಸ್ ಮಂಡಲಿ ವಿಸರ್ಜನೆಗೊಂಡು ಕಾರ್ಖಾನೆಯು ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರಕಾರಿ ಕಂಪೆನಿಗೆ ಸೇರಿತು. ಹೆಸರು ಮಾತ್ರ ಹಿಂದಿನಂತೆ ಕಾರ್ಡೈಟ್ ಫ್ಯಾಕ್ಟರಿಯೇ.

ಹೊಸ ಮದ್ದು ಬೇಟೆಯ ಲೆಕ್ಕಾಚಾರವನ್ನೇ ತಲೆಕೆಳಗು ಮಾಡಿತು. ತೂಕಕ್ಕೆ ಬದಲು ವೇಗ. ೧೮೮೮ರಲ್ಲಿ ಕರಿಮದ್ದಿನೊಡನೆ ಹುಟ್ಟಿದ ಸೈನ್ಯದ .೩೦೩ ತೋಟಾ ಕೆಲವೇ ವರ್ಷಗಳಲ್ಲಿ ಕಾರ್ಡೈಟಿಗೆ ತಿರುಗಿತು. ೧೯೧೦ರಲ್ಲಿ ಬಂದ ಅದರ ಏಳನೆಯ ಮಾದರಿಯ ಗುಂಡು ೧೭೪ ಗ್ರೇನು, ಒಂದು ತೊಲಕ್ಕೂ ಕಡಿಮೆ. ಆದರೆ ವೇಗ ಸೆಕೆಂಡಿಗೆ ೨,೪೪೦ ಅಡಿ. ಹತ್ತು ತೊಲದ ಗುಂಡಿನ ಕಾಲದವರಿಗೆ ಇದು ಆಟಿಕೆಯಾಗಿ ತೋರಿರಬೇಕು. ಕಾರ್ಡೈಟಿಗೂ ಒಂದು ಕುಂದು ಇದ್ದಿತು: ಅದರ ಬಿಸಿ ನಳಿಗೆಯನ್ನು ತಿನ್ನುತ್ತಿತ್ತು, ಬಿಸಿಲ ನಾಡಿನಲ್ಲಿ ತೋಟಾ ಕಾದರೆ ಒಳಗಿನ ಒತ್ತಡವೂ ಏರುತ್ತಿತ್ತು. ಆದುದರಿಂದ ಇಂಗ್ಲೆಂಡಿನ ಕೋವಿಗಾರರು ಭಾರತಕ್ಕೆಂದೇ ಮದ್ದು ಕಡಿಮೆ ಮಾಡಿದ ತೋಟಾಗಳನ್ನು ಕಟ್ಟಿ ಕಳುಹಿಸುತ್ತಿದ್ದರು.

ಇಲ್ಲಿ ದಮ್‌ದಮ್ಮಿನ ಮಾತು ಬರುತ್ತದೆ. .೩೦೩ರ ಗುಂಡಿಗೆ ಗಟ್ಟಿ ಲೋಹದ ಹೊದಿಕೆ; ಅದು ಮೈಯನ್ನು ತೂರಿ ನೆಟ್ಟಗೆ ಹೊರಟುಹೋಗುತ್ತದೆ, ವೈರಿ ಬೀಳುವುದಿಲ್ಲ ಎಂದು ಗಡಿನಾಡಿನ ಕಾಳಗಗಳಲ್ಲಿ ಸೈನಿಕರು ದೂರಿದರು. ಕಲ್ಕತ್ತೆಯ ಬಳಿಯ ದಮ್‌ದಮ್ ಮದ್ದುಮನೆಯಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಎಂಬವನು ಗುಂಡಿನ ಮೂಗಿನ ಹೊದಿಕೆಯನ್ನು ತೆಗೆದು ಸೀಸವನ್ನು ಬರಿದಾಗಿಸಿದನು. ಅದು ತಾಗಿದೊಡನೆ ಅಣಬೆಯಂತೆ ಅರಳುತ್ತಿತ್ತು. ೧೮೯೯ರ ಹೇಗ್ ಸಮ್ಮೇಳನವು ಇಂಥ ಗುಂಡುಗಳನ್ನು ಯುದ್ಧದಲ್ಲಿ ಕೂಡದೆಂದು ಘೋಷಿಸಿತು. ಸೋಜಿಗವೆಂದರೆ ಜಿಂಕೆ, ಹುಲಿಗಳ ಬೇಟೆಯಲ್ಲಿ ಇದೇ ಮೃದುಮೂಗಿನ ಗುಂಡೇ ದಯೆಯದೆಂದು ಬೇಟೆಗಾರರು ಹೇಳುತ್ತಾರೆ. ಗಾಯಗೊಂಡ ಪ್ರಾಣಿ ಕಾಡಿನಲ್ಲಿ ದಿನಗಟ್ಟಲೆ ನರಳಿ ಸಾಯುವುದನ್ನು ಅದು ತಪ್ಪಿಸುತ್ತದೆ ಎಂಬುದು ಅವರ ವಾದ. ವಾದದಲ್ಲಿ ಹುರುಳುಂಟು. ಮನುಷ್ಯನಿಗೆ ಕ್ರೂರವಾದುದು ಮೃಗಕ್ಕೆ ಕರುಣೆಯಾದ ಬಗೆಯನ್ನು ವಾಚಕರೇ ತೂಗಿ ನೋಡಲಿ.

ಇನ್ನು ಮೇಲೆ ಹೇಳಿದ ಗಂಟಿಗೆ ಬರೋಣ. ೧೮೯೮ರಲ್ಲಿ ಲಂಡನ್ನಿನ ರಿಗ್ಬಿ ಕಂಪೆನಿಯವರು .೪೫೦ ನೈಟ್ರೋ ಎಕ್ಸ್‌ಪ್ರೆಸ್ ಎಂಬ ತೋಟಾವನ್ನು ಹೊರತಂದರು. ಗುಂಡು ೪೮೦ ಗ್ರೇನು, ವೇಗ ೨,೧೫೦ ಅಡಿ. ಎಂಟನೆಯ ನಂಬರಿನ ಭಾರವಿಲ್ಲದೆ, ಹೊಗೆಯಿಲ್ಲದೆ, ಆನೆಯನ್ನೂ ಕಾಟಿಯನ್ನೂ ನಿಲ್ಲಿಸಬಲ್ಲ ತೋಟಾ ಅದು. ಹಳೆಯ ಭಾರಿ ಕೋವಿಗಳು ಒಮ್ಮೆಗೇ ಮೂಲೆ ಸೇರಿದುವು. ಹತ್ತು ವರ್ಷ ಕಳೆಯುವ ಮುನ್ನವೇ, ೧೯೦೭ರಲ್ಲಿ, ಭಾರತದಲ್ಲಿಯೂ ಸೂಡಾನಿನಲ್ಲಿಯೂ .೪೫೦ ಅಳತೆಯ ತೋಟಾಗಳಿಗೆ ನಿಷೇಧ ಬಿದ್ದಿತು. ತೋಟಾದಲ್ಲಿ ದೋಷವೇನೂ ಇರಲಿಲ್ಲ. ಸೈನ್ಯ ಕೈಬಿಟ್ಟ ಮಾರ್ಟಿನಿ-ಹೆನ್ರಿ ಕೋವಿಗಳು ಗಡಿನಾಡಿನವರ ಕೈ ಸೇರಿದ್ದುವು, ಅವುಗಳ ನಳಿಗೆಯೂ.೪೫೦. ಬೇಟೆಗಾರನ ಪೆಟ್ಟಿಗೆಯಿಂದ ಕದ್ದ ತೋಟಾದ ಗುಂಡನ್ನು ಕಿತ್ತು ದಂಗೆಕೋರನು ತನ್ನ ಕೋವಿಗೆ ಕೂಡಿಸಿಕೊಂಡಾನು ಎಂಬ ಅಂಜಿಕೆ! ಅಂಜಿಕೆಯ ಬೇರು ಎಷ್ಟು ಹಿಂದಿನದೆಂಬುದು ಸ್ಪಷ್ಟ.

ಕೋವಿಗಾರರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಗುಂಡಿನ ಅಳತೆಯನ್ನು ಅಂಗುಲದ ನೂರನೆಯ ಒಂದೆರಡು ಪಾಲಿನಷ್ಟು ಹಿಗ್ಗಿಸಿದರು, ಅಷ್ಟೆ. ಹಾಲೆಂಡ್ ಅಂಡ್ ಹಾಲೆಂಡಿನವರದು .೪೬೫, ಜೋಸೆಫ್ ಲ್ಯಾಂಗ್ ಕಂಪೆನಿಯದು .೪೭೦, ಜೆಫರಿಯವರದು .೪೭೫ ನಂಬರು ಎರಡು. .೪೭೦ರ ಗುಂಡು ೫೦೦ ಗ್ರೇನು, ವೇಗ ಮತ್ತೆ ಅದೇ ೨,೧೫೦ ಅಡಿ. ಕೊಲ್ಲುವ ಶಕ್ತಿಯಲ್ಲಿ ಇವಕ್ಕೂ .೪೫೦ಕ್ಕೂ ಹೇಳಿಕೊಳ್ಳುವಷ್ಟು ಭೇದವಿಲ್ಲ. ಇವುಗಳಲ್ಲಿ .೪೭೦ ಮಿಕ್ಕವುಗಳನ್ನು ಹಿಂದೆ ಹಾಕಿ ಹೆಸರುಗಳಿಸಿತು. ಜೋಡುನಳಿಗೆಯ ಭಾರಿ ಕೋವಿಗಳಿಗೆ ಆಫ್ರಿಕದಲ್ಲಿ ಇಂದಿಗೂ ಅದೇ ತೋಟಾವನ್ನು ಹೆಚ್ಚಾಗಿ ಕೇಳುತ್ತಾರೆ. ಬೇಟೆಯ ಸಾಹಿತ್ಯದಲ್ಲಿ .೪೭೦ರ ಗುಣಗಾನವನ್ನು ಓದುವವರು, ಅದು ಹುಟ್ಟಿದುದು ಯಾವ ಗುಣದಿಂದಲೂ ಅಲ್ಲ, ಒಂದು ಸರಕಾರಿ ಆಜ್ಞೆಯಿಂದ ಎಂಬುದನ್ನು ಮರೆಯಬಾರದು.

.೩೦೩ರ ಪಾಡೂ ಹೀಗೆಯೇ. ಸೈನ್ಯದ ತೋಟಾ ಖಾಸಗಿಯವರಿಗೆ ಸಿಕ್ಕಬಾರದೆಂಬ ನಿಯಮದಿಂದ ಅದು ಬೇಟೆಗಾರರಿಗೆ ನಿಷಿದ್ಧವಾಯಿತು. ಅದರ ಸ್ಥಾನದಲ್ಲಿ ಆಸ್ಟ್ರಿಯದ ಎಂಟು ಮಿಲಿಮೀಟರಿನ ಮ್ಯಾನ್‌ಲಿಕರ್ ತೋಟಾವು .೩೧೫ ಎಂಬ ಹೊಸ ಹೆಸರು ತೊಟ್ಟು ನಿಂತಿತು. ಆಸ್ಟ್ರಿಯದಲ್ಲಿ ಹಳತಾಗಿ ಮೂಲೆಗೆ ಸೇರಿದ ಈ ತೋಟಾಕ್ಕೆ ಭಾರತದಲ್ಲಿ ದೀರ್ಘಾಯುಷ್ಯ ದೊರೆಯಿತು. ಸ್ವಾತಂತ್ರ್ಯಾನಂತರ ಇಷಾಪುರದ ಸರಕಾರಿ ಕಾರ್ಖಾನೆಯು .೩೧೫ರ ಕೋವಿಗಳನ್ನು ಪರವಾನಗಿಯುಳ್ಳವರಿಗಾಗಿ ತಯಾರಿಸುತ್ತ ಬಂದಿತು. ಆಳುವವರು ಬದಲಾದರೂ ಕಡತ ಬದಲಾಗಲಿಲ್ಲ. ಸೈನ್ಯವು ೧೯೬೦ರ ದಶಕದಲ್ಲಿ ೭.೬೨ ಮಿಲಿಮೀಟರಿಗೆ ತಿರುಗಿದ ಮೇಲೂ .೩೦೩ ಪೋಲೀಸರ ಹೆಗಲ ಮೇಲೆ ಉಳಿಯಿತು. ಉತ್ತರಪ್ರದೇಶದ ಪೋಲೀಸರು ಅದನ್ನು ಬೀಳ್ಕೊಟ್ಟುದು ೨೦೨೦ರಲ್ಲಿ.

ಕೋವಿಯೇ ಎಲ್ಲರಿಗೂ ಸಿಕ್ಕುವಂತಿರಲಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ೧೮೭೮ರ ಆಯುಧ ಕಾಯಿದೆಯ ಪ್ರಕಾರ ಭಾರತೀಯನಿಗೆ ಪರವಾನಗಿ ಬೇಕು, ಯುರೋಪಿಯನ್ನರಿಗೆ ವಿನಾಯಿತಿ. ಹೊಲಕ್ಕೆ ಹಂದಿ ನುಗ್ಗಿದ ರೈತನು ತಮಟೆ ಬಡಿಯಬೇಕು, ರಜೆಯ ಮೇಲೆ ಬಂದ ದೊರೆ .೪೫೦ ಹೊರಬಹುದು. ಈ ನಾಡುಗಳಲ್ಲಿ ಕೊಡಗಿನದೊಂದು ಅಪವಾದ: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ೧೮೬೧ರಲ್ಲಿ ದೊರೆತ ವಿನಾಯಿತಿಯನ್ನು ಕೇಂದ್ರ ಸರಕಾರವು ೨೦೧೯ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವುದು ಅಲ್ಲಿನ ವಾಡಿಕೆ.

ವೇಗದ ಪಕ್ಷಕ್ಕೆ ದೊಡ್ಡ ಸಾಕ್ಷಿ ಜಿಮ್ ಕಾರ್ಬೆಟ್. ೧೯೦೭ರಲ್ಲಿ, .೪೫೦ ನಿಷಿದ್ಧವಾದ ವರ್ಷದಲ್ಲಿಯೇ, ೪೩೬ ಜನರನ್ನು ಕೊಂದಿತೆಂದು ಹೇಳಲಾದ ಚಂಪಾವತದ ಹೆಣ್ಣುಹುಲಿಯನ್ನು ಕೊಂದುದಕ್ಕಾಗಿ ಸರ್ ಜಾನ್ ಹ್ಯೂವೆಟ್ ಅವರಿಗೆ ಒಂದು .೨೭೫ ರಿಗ್ಬಿ ಕೋವಿಯನ್ನು ಉಡುಗೊರೆಯಾಗಿ ಕೊಟ್ಟರು. .೨೭೫ ಎಂಬುದು ಜರ್ಮನಿಯ ಮೌಸರ್ ಏಳು ಮಿಲಿಮೀಟರಿಗೆ ಇಂಗ್ಲಿಷ್ ವೇಷ. ದಕ್ಷಿಣ ಆಫ್ರಿಕದ ಯುದ್ಧದಲ್ಲಿ ಬೋಯರರು ಇದೇ ತೋಟಾದಿಂದ ಆಂಗ್ಲ ಸೈನಿಕರನ್ನು ದೂರದಿಂದಲೇ ಉರುಳಿಸಿದ್ದರು. ವೈರಿಯ ತೋಟಾದ ರುಚಿ ಹತ್ತಿದ್ದು ಹಾಗೆ. ದೊಡ್ಡ ಪ್ರಾಣಿಗಳಿಗಾಗಿ ಕಾರ್ಬೆಟ್ ಜೋಡುನಳಿಗೆಯ .೪೫೦/೪೦೦ ಅನ್ನೂ ಇಟ್ಟುಕೊಂಡಿದ್ದರು. ಹೆಸರಿನಲ್ಲಿ ೪೫೦ ಇದ್ದರೂ ಗುಂಡು .೪೦೦ರದು, ಆದುದರಿಂದ ಕಾನೂನಿನ ಕಣ್ಣಿಗೆ ಬೀಳಲಿಲ್ಲ.

ಬೆಂಗಳೂರಿನ ಆಂಡರ್ಸನ್ನರು ಬೇರೆಯೇ ಹಾದಿ ಹಿಡಿದರು. ಜವಳಗಿರಿ, ಸೀಗೂರು ಮೊದಲಾದ ನಮ್ಮವೇ ಕಾಡುಗಳಲ್ಲಿ ಅವರು ಹೊತ್ತು ತಿರುಗಿದುದು ಅಮೆರಿಕೆಯ .೪೦೫ ವಿಂಚೆಸ್ಟರ್. ೧೯೦೪ರಲ್ಲಿ ಹುಟ್ಟಿದ ಈ ತೋಟಾವನ್ನು ಅಧ್ಯಕ್ಷ ರೂಸ್‌ವೆಲ್ಟ್ ೧೯೦೯ರಲ್ಲಿ ಆಫ್ರಿಕಕ್ಕೆ ಒಯ್ದು ಲೋಕಪ್ರಸಿದ್ಧ ಮಾಡಿದರು. ಆದರೆ ಅಮೆರಿಕೆಯಲ್ಲಿ ೧೯೦೬ರ ಸೈನ್ಯದ ತೋಟಾ .೩೦-೦೬ ಮಹಾಯುದ್ಧದಿಂದ ಹಿಂತಿರುಗಿದ ಸೈನಿಕರೊಡನೆ ಬೇಟೆಗಾರರ ಮನೆ ಹೊಕ್ಕಿತು; .೪೦೫ ಮಂಕಾಯಿತು. ೧೯೫೪ರಲ್ಲಿ ಆಂಡರ್ಸನ್ನರ ಮೊದಲ ಪುಸ್ತಕ ಪ್ರಕಟವಾಗುವ ಹೊತ್ತಿಗೆ ಅವರ ನೆಚ್ಚಿನ ತೋಟಾ ತಾಯ್ನಾಡಿನಲ್ಲಿಯೇ ಹಳೆಯ ಕಾಲದ್ದಾಗಿತ್ತು. ಯಾರೂ ಕೊಳ್ಳದ ತೋಟಾದ ಕೀರ್ತಿಯನ್ನು ಪುಸ್ತಕವೊಂದು ಕಾಪಾಡಿದ ಅಪರೂಪದ ನಿದರ್ಶನವಿದು.

ಗುರಿಗಾರರ ಲೋಕದಲ್ಲಿ ನಡೆದುದು ಇನ್ನೊಂದು ಬಗೆ. ೧೮೬೦ರಲ್ಲಿ ವಿಂಬಲ್ಡನ್ನಿನ ಪಂದ್ಯಗಳನ್ನು ವಿಕ್ಟೋರಿಯಾ ರಾಣಿ ೪೦೦ ಗಜ ದೂರದ ಗುರಿಗೆ ವಿಟ್‌ವರ್ತ್ ಕೋವಿಯಿಂದ ಗುಂಡು ಹಾರಿಸಿ ಆರಂಭಿಸಿದಳು. ಅಲ್ಲಿ ಸೈನ್ಯದ ತೋಟಾಗಳದೇ ರಾಜ್ಯ. ಆದರೆ ಕಾಲಕ್ರಮದಲ್ಲಿ ಗೆದ್ದುದು ದೊಡ್ಡದಲ್ಲ, ಸಣ್ಣದು. ಹಿಂದೆ ಹೇಳಿದ .೨೨ರ ವಂಶದಲ್ಲಿ ೧೮೮೭ರಲ್ಲಿ ಲಾಂಗ್ ರೈಫಲ್ ಎಂಬ ತೋಟಾ ಹುಟ್ಟಿತು. ಗುಂಡು ೪೦ ಗ್ರೇನು, ಕಾಲು ತೊಲಕ್ಕೂ ಕಡಿಮೆ. ಅಗ್ಗ, ಸದ್ದು ಕಡಿಮೆ, ಒದೆತವಿಲ್ಲ, ಊರ ನಡುವಿನ ಮೈದಾನವೂ ಸಾಕು. ಒಲಿಂಪಿಕ್ಸಿನಲ್ಲಿ ೩೦೦ ಮೀಟರಿನ ಭಾರಿ ಕೋವಿಯ ಪಂದ್ಯ ೧೯೭೨ರ ಮ್ಯೂನಿಕ್ಕಿನೊಡನೆ ನಿಂತಿತು; .೨೨ ಉಳಿಯಿತು. ೧೯೮೪ರಲ್ಲಿ ಗಾಳಿಕೋವಿ ಸೇರಿತು. ಭಾರತಕ್ಕೆ ಒಲಿಂಪಿಕ್ಸಿನಲ್ಲಿ ವೈಯಕ್ತಿಕ ಸ್ಪರ್ಧೆಯ ಮೊದಲ ಚಿನ್ನವನ್ನು ೨೦೦೮ರಲ್ಲಿ ಅಭಿನವ್ ಬಿಂದ್ರಾ ತಂದುದು ಆ ಗಾಳಿಕೋವಿಯಿಂದ, ಎಂದರೆ ತೋಟಾವೇ ಇಲ್ಲದೆ. ೨೦೨೪ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ ೫೦ ಮೀಟರಿನ ಪಂದ್ಯ .೨೨ರದು. ದೂರದ ಗುರಿಗೆ ಅಮೆರಿಕೆಯವರು ೨೦೦೭ರಲ್ಲಿ ಹೊರತಂದ ೬.೫ ಕ್ರೀಡ್‌ಮೂರ್ ಎಂಬುದು ಅಲ್ಲಿ ಈಚೆಗೆ ಮೇಲೆದ್ದ ತೋಟಾ; ಗುರಿಮೈದಾನಕ್ಕೆಂದು ಹುಟ್ಟಿ ಬೇಟೆಯವರ ಕೈಗೂ ಹೋಗಿದೆ.

ನಮ್ಮಲ್ಲಿ ಬೇಟೆಯ ತೋಟಾಗಳ ಸ್ಪರ್ಧೆಗೆ ತೆರೆ ಬಿದ್ದುದು ಮತ್ತೊಂದು ಕಡತದಿಂದ. ಈ ಸಲ ಕಡತವನ್ನು ಬರೆಯಿಸಿದುದು ಅಂಜಿಕೆಯಲ್ಲ, ಮೃಗಗಳ ಅಳಿವು. ನೀಲಗಿರಿಯಲ್ಲಿ ಅದರ ಸೂಚನೆ ಬಹಳ ಮೊದಲೇ ಕಂಡಿತ್ತು. ಕಾಡಾಡು, ಕಡವೆಗಳು ಕಡಿಮೆಯಾದುವೆಂದು ಬೇಟೆಗಾರರೇ ಮೊರೆಯಿಟ್ಟು ೧೮೭೯ರಲ್ಲಿ ಇಲ್ಲಿಗೆಂದೇ ಬೇಟೆ ಮತ್ತು ಮೀನುಗಳ ಸಂರಕ್ಷಣೆಯ ಕಾಯಿದೆಯನ್ನು ತರಿಸಿದರು. ಅವರು ಉಳಿಸಹೊರಟುದು ತಮ್ಮ ಬೇಟೆಯನ್ನೇ ಸರಿ. ಆದರೂ ಉಳಿದುದು ಉಳಿಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದಕ್ಕೆ ೧೯೯೧ರಲ್ಲಿ ಬಂದ ತಿದ್ದುಪಡಿಯೂ ಬೇಟೆಯ ಪರವಾನಗಿಯನ್ನೇ ಕೊನೆಗಾಣಿಸಿದುವು. ಇತ್ತ ಇಂಗ್ಲೆಂಡಿನ ಕೈನಾಕ್ ಕಂಪೆನಿಯು ೧೯೭೦ರ ಹೊತ್ತಿಗೆ ಭಾರಿ ತೋಟಾಗಳ ತಯಾರಿಯನ್ನು ಕೈಬಿಟ್ಟಿತ್ತು. ತೋಟಾ ಸಿಕ್ಕದ ಜೋಡುನಳಿಗೆಗಳು ಗೋಡೆಯ ಅಲಂಕಾರಗಳಾದುವು. ಅವುಗಳ ಪಕ್ಕದಲ್ಲಿ ನೇತುಹಾಕಿದ ಕಾಟಿಯ ಕೊಂಬುಗಳನ್ನು ಇಟ್ಟುಕೊಳ್ಳುವುದಕ್ಕೂ ಈಗ ಸರಕಾರದ ಪ್ರಮಾಣಪತ್ರ ಬೇಕು.